ಗೌರಿಗೆ ಲಾಳ ಬೇಕಾ?

ಲಾಳ ಹೊಡೆಸೋದಾ, ಬೇಡವಾ? ಹೋದ ಮಳೆಗಾಲದ ಕೊನೆಯಲ್ಲಿ ಹದಿನೈದು ದಿನ ನಮ್ಮ ಮೂವರ ನಡುವೆ ಬೇರೆ ಮಾತೇ ಇರಲಿಲ್ಲ.

ಗೌರಿ ನಮ್ಮ ಕುದುರೆ. ನಮ್ಮದು ಅಂದರೆ ಒಂದೇ ತರಗತಿಯಲ್ಲಿ ಪತ್ರಿಕೋದ್ಯಮ ಓದಿದ ಮೂವರದು. ರೇಸ್ ಬಿಟ್ಟ ಥರೋಬ್ರೆಡ್ ಹೆಣ್ಣು ಕುದುರೆ, ವಯಸ್ಸು 9. ದೊಡ್ಡಬಳ್ಳಾಪುರದ ಕಡೆ ಪರಿಚಿತರೊಬ್ಬರ ತೋಟದಲ್ಲಿ ಇರುತ್ತಾಳೆ. ಹುಲ್ಲು, ಹುರುಳಿ, ಬೂಸಾ, ಡಾಕ್ಟರ ಫೀಸು ಎಲ್ಲವನ್ನೂ ಮೂರು ಪಾಲು ಮಾಡಿಕೊಳ್ಳುತ್ತೇವೆ. ನಮ್ಮಲ್ಲಿ ಒಬ್ಬಳು ಮಾತ್ರ ಅವಳ ಮೇಲೆ ಕೂತು ಅಡೆತಡೆ ಹಾರಿಸುತ್ತಾಳೆ, ಉಳಿದಿಬ್ಬರು ಬೇಲಿಯ ಈಚೆ ನಿಂತು ಉಸಿರು ಹಿಡಿದುಕೊಳ್ಳುತ್ತೇವೆ.

ನಮ್ಮ ಕೈಗೆ ಬಂದಾಗ ಗೌರಿಯ ಕಾಲಲ್ಲಿ ರೇಸಿನವರು ಹಾಕುವ ತೆಳ್ಳಗಿನ ಅಲ್ಯೂಮಿನಿಯಂ ಲಾಳ ಇತ್ತು. ಗೊರಸಿನ ಅಂಚು ಮೊಳೆ ತೂತಿನಿಂದ ಒಡೆದು ಹೊಸ ಮೊಳೆಗೆ ಜಾಗವೇ ಇರಲಿಲ್ಲ. ಅದಕ್ಕೇ ತೆಗೆಸಿದೆವು. ಮೊದಲ ಐದಾರು ತಿಂಗಳು ಜಲ್ಲಿ ಹಾದಿ ಕಂಡರೆ ಮುಳ್ಳು ತುಳಿದವಳ ಹಾಗೆ ನಡೆಯುತ್ತಿದ್ದಳು. ಗೊರಸು ಬೆಳೆಯುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಕೂದಲಿನ ಗಡಿಯಿಂದ ಶುರುವಾದ ಹೊಸ ಗೊರಸು ಮುಂಗಾಲಲ್ಲಿ ನೆಲ ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಆ ಒಂದು ವರ್ಷ ನಾವು ಕಾದಿದ್ದೇವೆ. ಆರು ವಾರಕ್ಕೊಮ್ಮೆ ಅರ ಹಾಕಿಸಿ, ಅಂಚು ದುಂಡಗೆ ಮಾಡಿಸಿ, ಈಗ ಕಲ್ಲಿನ ಮೇಲೂ ಟಕಟಕ ನಡೆಯುವ ಕಾಲು ಅದು.

ಇಷ್ಟಾದ ಮೇಲೆ ಬಂತು ಹುಲ್ಲು ಮೈದಾನದ ಸ್ಪರ್ಧೆ. ಅಡೆತಡೆಯ ಎತ್ತರ 90 ಸೆಂಟಿಮೀಟರ್. ಗೌರಿಗೆ ಎತ್ತರ ದೊಡ್ಡದಲ್ಲ, ಮರಳಿನ ಅಂಗಳದಲ್ಲಿ ನಿತ್ಯ ಹಾರುತ್ತಾಳೆ. ತೊಂದರೆ ಇರುವುದು ಹುಲ್ಲಿನಲ್ಲಿ. ಮರಳು ಗೊರಸನ್ನು ಸ್ವಲ್ಪ ಒಳಗೆ ಬಿಟ್ಟುಕೊಂಡು ಹಿಡಿಯುತ್ತದೆ. ಹುಲ್ಲು ಹಾಗಲ್ಲ. ಅದರಲ್ಲೂ ನಮ್ಮ ಕಡೆಯ ಕೆಮ್ಮಣ್ಣಿನ ಮೇಲೆ ಒತ್ತಾಗಿ ಹಬ್ಬಿದ ಗರಿಕೆ. ಚೆನ್ನಾಗಿ ನೆನೆದರೆ ಗೊರಸು ಇಳಿಯುತ್ತದೆ, ಪೂರ್ತಿ ಒಣಗಿದ್ದರೂ ಪರವಾಗಿಲ್ಲ. ಕೆಳಗೆ ಗಟ್ಟಿ ನೆಲ, ಮೇಲೆ ತುಂತುರು ಹನಿ, ಇದು ಮಾತ್ರ ಎಣ್ಣೆ ಸುರಿದ ಕಲ್ಲುಹಾಸಿನ ಹಾಗೆ. ತಿರುವಿನಲ್ಲಿ ಹಿಂಗಾಲು ಜಾರಿದರೆ ಕುದುರೆಯ ಸ್ನಾಯುರಜ್ಜು ಹೋಗುತ್ತದೆ, ಮೇಲಿರುವವಳ ಕೊರಳೆಲುಬೂ ಹೋಗಬಹುದು.

ಲಾಳ ಹೊಡೆಸಿದರೆ ಅದಕ್ಕೆ ತಿರುಪು ತೂತು ಕೊರೆಸಿ, ಸ್ಪರ್ಧೆಯ ದಿನ ಕಬ್ಬಿಣದ ಸ್ಟಡ್ ತಿರುಗಿಸಿ ಕೂರಿಸಬಹುದು, ಫುಟ್ಬಾಲ್ ಆಡುವವರ ಬೂಟಿನ ಹಾಗೆ. ಬರಿಯ ಲಾಳದಿಂದ ಉಪಯೋಗವಿಲ್ಲ. ನುಣುಪು ಕಬ್ಬಿಣ ಒದ್ದೆ ಹುಲ್ಲಲ್ಲಿ ಬರಿಗಾಲಿಗಿಂತ ಹೆಚ್ಚು ಜಾರುತ್ತದೆ ಎಂದು ಲಾಳದ ಚಾಚಾ ಮೊದಲ ದಿನವೇ ಹೇಳಿದರು. ಸ್ಟಡ್ಡಿಗೂ ಅದರದೇ ಲೆಕ್ಕವಿದೆ. ಹಾರಿ ಇಳಿದಾಗ ಗೊರಸು ಒಂದಿಷ್ಟು ಮುಂದಕ್ಕೆ ಜಾರಿಯೇ ನಿಲ್ಲಬೇಕು, ಆ ಜಾರಿಕೆಯಲ್ಲಿ ಪೆಟ್ಟು ಕಡಿಮೆಯಾಗುತ್ತದೆ. ದೊಡ್ಡ ಸ್ಟಡ್ ಗೊರಸನ್ನು ಗಕ್ಕನೆ ಹಿಡಿದುಬಿಟ್ಟರೆ ಆ ಪೆಟ್ಟೆಲ್ಲ ಕೀಲಿಗೆ.

ನಮ್ಮಲ್ಲಿಬ್ಬರು ಹಳ್ಳಿಯಲ್ಲಿ ಎತ್ತು ಕಂಡವರು. ಎತ್ತನ್ನು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಸೀಳು ಗೊರಸಿಗೆ ಎರಡೆರಡು ತುಂಡು ಲಾಳ ಹೊಡೆಯುವುದನ್ನು ಸಂತೆಯ ದಿನ ನೋಡುತ್ತಾ ನಿಂತವರು. ನಮ್ಮೂರಲ್ಲಿ ಲಾಳದ ಮಾತು ಬಂದದ್ದೇ ಟಾರು ರಸ್ತೆಯಲ್ಲಿ ಗಾಡಿ ಹೊಡೆಯುವವರಿಗೆ. ಬರಿ ಹೊಲ ಉಳುವ ಎತ್ತಿಗೆ ಯಾರೂ ಖರ್ಚು ಮಾಡುತ್ತಿರಲಿಲ್ಲ. ಕೆಲಸ ಯಾವುದು, ನೆಲ ಯಾವುದು ಎಂದು ನೋಡಿಯೇ ಕಬ್ಬಿಣ. ನೆಟ್‌ನಲ್ಲಿ ಓದಿದ ಹತ್ತು ವಾದಗಳಿಗಿಂತ ಇದು ನಮಗೆ ಹೆಚ್ಚು ಸರಿ ಅನ್ನಿಸಿತು.

ನಮ್ಮ ಸವಾರಳು ಟೋಕಿಯೋದ ವಿಡಿಯೋ ಕಳಿಸುತ್ತಲೇ ಇದ್ದಳು. 2021ರಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಜಂಪಿಂಗ್ ತಂಡದ ಚಿನ್ನ ಸ್ವೀಡನ್ನಿಗೆ. ಪೆಡರ್ ಫ್ರೆಡ್ರಿಕ್ಸನ್ ಅವರ ಆಲ್ ಇನ್, ಹೆನ್ರಿಕ್ ಫಾನ್ ಎಕರ್‌ಮನ್ ಅವರ ಕಿಂಗ್ ಎಡ್ವರ್ಡ್, ಎರಡೂ ಲಾಳವಿಲ್ಲದೆ ಹಾರಿದವು. ನೋಡೋಕೆ ಖುಷಿಯೇ. ಆದರೆ ಅವು ಹಾರಿದ್ದು ಮರಳಿನ ಅಂಗಳದಲ್ಲಿ. ಅದೇ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ 23ನೆಯವರಾದರಲ್ಲ, ಆ ಸ್ಪರ್ಧೆಯ ಕ್ರಾಸ್ ಕಂಟ್ರಿ ಭಾಗ ಹುಲ್ಲಿನ ಮೇಲೆ. ಆ ಓಟದಲ್ಲಿ ಲಾಳ, ಸ್ಟಡ್ ಇಲ್ಲದ ಕುದುರೆಯೇ ಅಪರೂಪ. ಹಾಗಾಗಿ ಟೋಕಿಯೋ ಎರಡೂ ಕಡೆಗೆ ಸಾಕ್ಷಿ ಹೇಳಿ ಸುಮ್ಮನಾಯಿತು.

ಚಾಚಾ ಗೌರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗೊರಸಿನಡಿಯ ಮೂರು ಮೂಲೆಯ ಮೆತ್ತನೆ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರು. ಇಂಗ್ಲಿಷಿನವರು ಅದಕ್ಕೆ ಕಪ್ಪೆ ಅಂತ ಯಾಕೆ ಹೆಸರಿಟ್ಟರೋ! ಅದು ಅಗಲವಾಗಿ, ರಬ್ಬರಿನ ಹಾಗೆ ಗಟ್ಟಿಯಾಗಿತ್ತು.

“ಲಾಳ ಹೊಡೆದರೆ ನನಗೆ ದುಡ್ಡು ಬರ್ತದೆ ಸ್ವಾಮಿ, ಬೇಡ ಅನ್ನಲ್ಲ,” ಅಂದರು. “ಆದ್ರೆ ಒಂದು ದಿನದ ಆಟಕ್ಕೆ ಹೊಡೆಸಿ ಆಮೇಲೆ ಕೀಳಿಸ್ತೀರಾ? ಇದರದು ತೆಳು ಗೋಡೆ. ಎರಡು ವರ್ಷ ಬೆಳೆಸಿದ ಕಾಲು. ಹೊಡೆಸಿದ್ರೆ ವರ್ಷವಿಡೀ ಇರೋ ಹಾಗೆ ಹೊಡೆಸಿ, ಆರು ವಾರಕ್ಕೊಂದು ಸಲ ಬರ್ತೀನಿ. ಇಲ್ಲಾಂದ್ರೆ ನೆಲ ನೋಡಿ ಇಳಿಸಿ.”

ಡಾಕ್ಟರು ಕೂಡ ಸುಮಾರು ಅದನ್ನೇ ಹೇಳಿದರು. ವರ್ಷಕ್ಕೆ ನಾವು ಹುಲ್ಲಿಗೆ ಹೋಗುವುದು ಎರಡು ಸಲ, ಹೆಚ್ಚೆಂದರೆ ಮೂರು. ಲೆಕ್ಕ ಅಲ್ಲಿಗೇ ಮುಗಿಯಿತು. ಲಾಳ ಬೇಡ. ಆದರೆ ಒಂದು ಷರತ್ತನ್ನು ಮೊದಲೇ ಬರೆದಿಟ್ಟುಕೊಂಡೆವು. ಬೆಳಿಗ್ಗೆ ಮೂವರೂ ಮೈದಾನ ಸುತ್ತಬೇಕು, ತಿರುವುಗಳಲ್ಲಿ ಬೂಟಿನ ಹಿಮ್ಮಡಿ ಒತ್ತಿ ಎಳೆಯಬೇಕು, ಒಬ್ಬರ ಕಾಲು ಜಾರಿದರೂ ಗೌರಿ ಗಾಡಿಯಿಂದ ಇಳಿಯಬಾರದು. ಆ ಹೊತ್ತಿನಲ್ಲಿ ವಾದವಿಲ್ಲ. ವಾದ ಮಾಡಲು ಹದಿನೈದು ದಿನ ಸಿಕ್ಕಿತ್ತಲ್ಲ.

ಸ್ಪರ್ಧೆಯ ಹಿಂದಿನ ರಾತ್ರಿ ಮಳೆ ಬಂತು. ಜೋರು ಮಳೆಯಾಗಿದ್ದರೆ ಒಳ್ಳೆಯದಿತ್ತು, ಬಂದದ್ದು ಬರೀ ಸೋನೆ. ಬೆಳಿಗ್ಗೆ ಏಳಕ್ಕೆ ಮೈದಾನ ಸುತ್ತಿದೆವು. ಮೊದಲ ಮೂರು ಅಡೆತಡೆಯ ಹತ್ತಿರ ನೆಲ ಚೆನ್ನಾಗಿತ್ತು. ನಾಲ್ಕರಿಂದ ಐದಕ್ಕೆ ತಿರುಗುವ ಕಡೆ ಸಣ್ಣ ಇಳಿಜಾರು, ಅಲ್ಲಿ ಇಬ್ಬರ ಹಿಮ್ಮಡಿ ಒಂದು ಗೇಣು ಜಾರಿತು. ಜಾರದೆ ನಿಂತವಳು ಸವಾರಳೊಬ್ಬಳೇ. “ನಾನು ಅಗಲವಾಗಿ ತಿರುಗಿಸ್ತೀನಿ ಕಣ್ರೋ, ಸಮಯ ಹೋದರೆ ಹೋಗಲಿ,” ಅಂದಳು. ನಾವಿಬ್ಬರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನಿಂತು ಅವಳೇ ಹೋಗಿ ಹೆಸರು ತೆಗೆಸಿ ಬಂದಳು. ಕಟ್ಟಿದ ಪ್ರವೇಶ ಶುಲ್ಕ ವಾಪಸ್ ಬರಲಿಲ್ಲ, ಗಾಡಿ ಬಾಡಿಗೆಯೂ ದಂಡ.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿತ್ತು. ಎರಡೂವರೆಗೆ 70 ಸೆಂಟಿಮೀಟರಿನ ವರ್ಗವಿತ್ತು, ಹೊಸಬರದು, ಅಂಕಗಳಿಲ್ಲದ್ದು. ಮತ್ತೆ ಸುತ್ತಿದೆವು. ಇಳಿಜಾರಲ್ಲಿ ಮೂವರ ಹಿಮ್ಮಡಿಯೂ ನಿಂತಿತು. ಗೌರಿಯನ್ನು ಇಳಿಸಿದೆವು. ಹತ್ತು ಹನ್ನೆರಡು ವರ್ಷದ ಮಕ್ಕಳ ನಡುವೆ ಮೂವತ್ತರ ನಮ್ಮ ಸವಾರಳು. ಬೇಲಿಯ ಆಚೆ ಯಾರೋ ನಕ್ಕರು. ಐದನೆಯದಕ್ಕೆ ತಿರುಗುವಾಗ ಗೌರಿ ತಾನಾಗಿಯೇ ಹೆಜ್ಜೆ ಚಿಕ್ಕದು ಮಾಡಿಕೊಂಡಳು, ಕಡ್ಡಿ ಒಂದೂ ಬೀಳಲಿಲ್ಲ.

ಮಾರನೆಯ ದಿನ ನಾಲ್ಕೂ ಕಾಲು ಮುಟ್ಟಿ ನೋಡಿದೆವು, ಬಿಸಿಯಿರಲಿಲ್ಲ, ಊತವಿರಲಿಲ್ಲ. ಈಗ ಸವಾರಳು ಮುಂದಿನ ವರ್ಷ ಒಂದು ಮೀಟರ್ ಹಾರಿಸುವ ಮಾತಾಡುತ್ತಿದ್ದಾಳೆ, ತಿಂಗಳಿಗೊಂದು ಹುಲ್ಲಿನ ಸ್ಪರ್ಧೆ ಬೇಕಂತೆ. ಹಾಗಾದರೆ ಲೆಕ್ಕವನ್ನು ಮತ್ತೆ ಮೊದಲಿಂದ ಹಾಕಬೇಕು. ಚಾಚಾ ಬರುವ ಭಾನುವಾರ ಅರ ಹಾಕಲು ಬರುತ್ತಾರೆ, ಅವರನ್ನೇ ಕೇಳುತ್ತೇವೆ.