ಆಟದಲ್ಲಿಲ್ಲದ ಒಂದು ಆಜ್ಞೆ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಸೋದರಮಾವನವರು ತಮ್ಮ ಕಂಪ್ಯೂಟರಿನಲ್ಲಿ ನನಗೂ ನನ್ನ ತಂಗಿಗೂ ಒಂದು ಹಳೆಯ ಆಟವನ್ನು ತೋರಿಸಿದರು. ಅದರ ಹೆಸರು ‘ಸ್ಟಾರ್ ಟ್ರೆಕ್’. ಬಣ್ಣಬಣ್ಣದ ಚಿತ್ರಗಳನ್ನು ನಿರೀಕ್ಷಿಸಿ ಕುಳಿತಿದ್ದ ನಮಗೆ ತೆರೆಯ ಮೇಲೆ ಕಂಡುದು ಕೆಲವು ಅಕ್ಷರಗಳು, ನಕ್ಷತ್ರದ ಗುರುತುಗಳು ಮತ್ತು ಅಂಕಿಗಳು ಮಾತ್ರ. “ಇದೇನು ಮಾವ, ಗಣಿತದ ಪಾಠವೆ?” ಎಂದು ತಂಗಿಯು ಮುಖವನ್ನು ಸಣ್ಣದು ಮಾಡಿದಳು.

ಮಾವನವರು ನಕ್ಕು ಅದರ ಕಥೆಯನ್ನು ಹೇಳಿದರು. ಅಮೆರಿಕದ ಟೆಲಿವಿಷನ್ನಿನಲ್ಲಿ 1966ರಿಂದ 1969ರವರೆಗೆ ಈ ಹೆಸರಿನ ಧಾರಾವಾಹಿಯೊಂದು ಪ್ರಸಾರವಾಯಿತು. ಎಂಟರ್‌ಪ್ರೈಸ್ ಎಂಬ ವ್ಯೋಮನೌಕೆಯು ಹೊಸ ಲೋಕಗಳನ್ನು ಅರಸುತ್ತ ಸಾಗುವ ಕಥೆ ಅದು. 1971ರಲ್ಲಿ ಕ್ಯಾಲಿಫೋರ್ನಿಯದ ಮೈಕ್ ಮೇಫೀಲ್ಡ್ ಎಂಬ ಪ್ರೌಢಶಾಲೆಯ ವಿದ್ಯಾರ್ಥಿಯು ಅದರಿಂದ ಒಂದು ಆಟವನ್ನು ರಚಿಸಿದನು. ಅವನಿಗೆ ದೊರಕಿದ್ದ ಟೆಲಿಟೈಪ್ ಯಂತ್ರಕ್ಕೆ ತೆರೆಯೇ ಇರಲಿಲ್ಲ. ಪ್ರತಿಯೊಂದು ಉತ್ತರವೂ ಕಾಗದದ ಮೇಲೆ ಅಚ್ಚಾಗಿ ಬರುತ್ತಿತ್ತು. 1973ರಲ್ಲಿ ಡೇವಿಡ್ ಆಲ್ ಎಂಬವರು ಇದನ್ನು ತಮ್ಮ ಪುಸ್ತಕದಲ್ಲಿ ಸೇರಿಸಿದ ಮೇಲೆ ಎಷ್ಟೋ ಜನರು ಸಾಲುಸಾಲಾಗಿ ಬೆರಳಚ್ಚು ಮಾಡಿಕೊಂಡು ಆಡಿದರು.

ಆಡತೊಡಗಿದಂತೆ ನಮಗೆ ರುಚಿ ಹತ್ತಿತು. ಆಕಾಶವು 64 ಭಾಗಗಳಾಗಿದೆ. ಪ್ರತಿ ಭಾಗದಲ್ಲಿಯೂ 64 ಮನೆಗಳು. ದೂರದ ಭಾಗದಲ್ಲಿ ಏನಿದೆಯೆಂಬುದನ್ನು ಮೂರು ಅಂಕಿಗಳು ತಿಳಿಸುತ್ತವೆ. 215 ಎಂದರೆ ಕ್ಲಿಂಗಾನರೆಂಬ ಶತ್ರುಗಳ ನೌಕೆಗಳು ಎರಡು, ನಮ್ಮ ನೆಲೆ ಒಂದು, ನಕ್ಷತ್ರಗಳು ಐದು. ನಮ್ಮ ನೌಕೆಗೆ ಶಕ್ತಿ 3000, ಟಾರ್ಪೆಡೊಗಳು 10. ಗೊತ್ತಾದ ದಿನಗಳೊಳಗೆ ಶತ್ರುಗಳೆಲ್ಲರನ್ನೂ ನಾಶಗೊಳಿಸಿದರೆ ಗೆಲುವು.

ನಾನು ಹಾಗೆ ಗೆಲ್ಲುತ್ತಿದ್ದಾಗ ತಂಗಿಯು, “ಮಾವ, ಇವರೊಡನೆ ಮಾತನಾಡಬೇಕಾದರೆ ಏನೆಂದು ಒತ್ತಬೇಕು?” ಎಂದು ಕೇಳಿದಳು.

ಮಾವನವರು ಒಂದು ಕ್ಷಣ ಸುಮ್ಮನಾದರು. ಚಲಿಸುವುದಕ್ಕೆ, ನೋಡುವುದಕ್ಕೆ, ಹೊಡೆಯುವುದಕ್ಕೆ, ಕವಚವನ್ನು ಏರಿಸುವುದಕ್ಕೆ, ಎಲ್ಲಕ್ಕೂ ಆಜ್ಞೆಗಳಿದ್ದವು; ಮಾತಿಗೆ ಮಾತ್ರ ಇರಲಿಲ್ಲ. “ವಿಚಿತ್ರವೆಂದರೆ, ಕ್ಲಿಂಗಾನರು ಮೊದಲು ಬಂದ 1967ರ ಸಂಚಿಕೆಯಲ್ಲಿಯೇ ಆರ್ಗೇನಿಯರೆಂಬ ಶಾಂತಿಪ್ರಿಯರು ಇಬ್ಬರ ಯುದ್ಧವನ್ನೂ ತಡೆಯುತ್ತಾರೆ. ಆದರೆ ಗುಂಡು ಹೊಡೆಯುವುದು ದಿಕ್ಕು ಮತ್ತು ದೂರದ ಲೆಕ್ಕ. ಅದನ್ನು ಯಂತ್ರಕ್ಕೆ ಕಲಿಸಬಹುದು. ಮಾತಿನ ಲೆಕ್ಕವನ್ನು ಬರೆಯುವುದು ಅಷ್ಟು ಸುಲಭವಲ್ಲ,” ಎಂದರು.

ಅಂದಿನ ಸಂಜೆಯೇ ನಾವಿಬ್ಬರೂ ಚೌಕಮನೆಗಳ ಪುಸ್ತಕದಲ್ಲಿ ಆ ಆಟವನ್ನು ಬರೆದುಕೊಂಡು ದಾಳ ಹಾಕಿ ಆಡಿದೆವು. ಮಾತನಾಡಿದರೆ ಶತ್ರುವು ಹಿಂದಿರುಗುವನೆಂದು ಮೊದಲು ನಿಯಮ ಮಾಡಿದೆವು. ಐದು ನಿಮಿಷಗಳಲ್ಲಿ ಆಟ ಮುಗಿದು ಬೇಸರವಾಯಿತು. ಆಗ ತಂಗಿಯು ಹೊಸ ನಿಯಮವನ್ನು ಹೇಳಿದಳು: ಮಾತನಾಡುವ ಮೊದಲು ನಮ್ಮ ಕವಚವನ್ನು ಇಳಿಸಬೇಕು. ದಾಳದಲ್ಲಿ ಐದೋ ಆರೋ ಬಿದ್ದರೆ ಸಂಧಿ. ಇಲ್ಲವಾದರೆ ಪೆಟ್ಟು ನಮಗೆ. ಮತ್ತೆ ಆಡಿದಾಗ ಮಾತನಾಡುವುದೇ ಹೊಡೆಯುವುದಕ್ಕಿಂತ ಹೆಚ್ಚು ಧೈರ್ಯದ ಕೆಲಸವೆಂದು ನನಗೆ ತೋರಿತು.

ನನ್ನ ಬೆಂಚಿನ ಗೆಳೆಯನೊಬ್ಬನೊಡನೆ ಪರೀಕ್ಷೆಯ ಕಾಲದಿಂದ ನಾನು ಮಾತು ಬಿಟ್ಟಿದ್ದೆನು. ತಪ್ಪು ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ಶಾಲೆ ತೆರೆದ ದಿನ ಅವನು ಬಾಗಿಲಲ್ಲಿ ಎದುರಾದನು. ನಾನು ಎಂದಿನಂತೆ ಮುಖ ತಿರುಗಿಸುವವನಿದ್ದೆನು. ತಂಗಿಯ ನಿಯಮವು ನೆನಪಾಯಿತು. “ರಜೆಯಲ್ಲಿ ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿದೆನು. ಅವನು ತಕ್ಷಣ ಉತ್ತರ ಕೊಡಲಿಲ್ಲ. ಆ ಅರೆಗಳಿಗೆ ದಾಳವು ಉರುಳುತ್ತಲೇ ಇದ್ದಂತೆ ನನಗೆ ಭಾಸವಾಯಿತು. ಬಳಿಕ ಅವನು, “ಊರಿಗೆ. ನೀನು?” ಎಂದನು.