ಪೇಟೆಯ ಉಪ್ಪರಿಗೆ

ಜುಲೈ 6, 2025, ಆದಿತ್ಯವಾರ

ಪುತ್ತೂರಲ್ಲಿ ಮನೆ ನೋಡಿಕೊಂಡು ಈಗಷ್ಟೇ ಮರ್ಕಂಜಕ್ಕೆ ಬಂದೆವು. ಬೊಳುವಾರಿನ ಫ್ಲ್ಯಾಟು ಹೊಸದು, ಲಿಫ್ಟ್ ಉಂಟು, ಕಾರು ನಿಲ್ಲಿಸಲು ಜಾಗ ಉಂಟು. ಒಳಗೆ ಕಾಲಿಟ್ಟ ಮೇಲೆ ಹಗಲಿಗೂ ಲೈಟು ಹಾಕಬೇಕಾಯಿತು. ಪೇಟೆಯ ಹೊರಗಿನ ಇನ್ನೊಂದು ಮನೆ ವಿಶಾಲವಾಗಿತ್ತು, ಆದರೆ ಕೊತ್ತಂಬರಿ ಸೊಪ್ಪಿಗೂ ಆಟೋ ಹಿಡಿಯಬೇಕು. ಕಣ್ಣಿನ ಆಪರೇಷನ್ ಆದ ಮೇಲೆ ಇವರು ಜೀಪು ಬಿಡುತ್ತಿಲ್ಲ. ನಡೆದು ಹೋಗುವಲ್ಲಿ ಎಲ್ಲ ಸಿಗಬೇಕು ಅಂತಲೇ ಅಲ್ಲವೇ ನಾವು ತೋಟ ಬಿಟ್ಟು ಪೇಟೆಗೆ ಹೊರಟದ್ದು.

ಕೊನೆಗೆ ಬ್ರೋಕರ್ ಮನಸ್ಸಿಲ್ಲದ ಮನಸ್ಸಿನಿಂದ ತೋರಿಸಿದ್ದು ಮುಖ್ಯರಸ್ತೆಯ ಒಳದಾರಿಯಲ್ಲಿರುವ ಒಂದು ಹಂಚಿನ ಉಪ್ಪರಿಗೆ. ಕೆಳಗೆ ಪಾತ್ರೆ ಅಂಗಡಿ. ಪಕ್ಕದಲ್ಲಿ ಮರದ ಮೆಟ್ಟಿಲು. ಹತ್ತಿದರೆ ಕಾವಿ ನೆಲದ ಚಾವಡಿ, ಎರಡು ಕೋಣೆ, ಹಿಂದೆ ಅಡುಗೆಮನೆ. ರಸ್ತೆಯ ಬದಿಗೆ ಉದ್ದಕ್ಕೂ ಮರದ ದಳಿ. ಮಹಾಲಿಂಗೇಶ್ವರ ದೇವಸ್ಥಾನ ನಡೆಯುವ ದೂರ. ಏಪ್ರಿಲ್ ಜಾತ್ರೆಯ ಪೇಟೆ ಸವಾರಿಯಲ್ಲಿ ದೇವರು ಈ ದಾರಿಯಾಗಿಯೇ ಕಟ್ಟೆಪೂಜೆಗೆ ಹೋಗುತ್ತಾರೆ ಅಂದರು ಮನೆಯ ಯಜಮಾನರು. ಇವರು ದಳಿಯ ಹತ್ತಿರ ನಿಂತವರು ಕರೆದರೂ ಬರಲಿಲ್ಲ.

"ಹಳೇದು ಯಾಕೆ ಅಕ್ಕಾ, ಸೋರ್ತದೆ" ಅಂತ ಬ್ರೋಕರ್ ಇಳಿಯುವಾಗ ಹೇಳಿದ. ಹೇಳುತ್ತಿರುವುದು 28 ಲಕ್ಷ.

ಜುಲೈ 24, ಗುರುವಾರ, ಆಟಿ ಅಮಾವಾಸ್ಯೆ

ಬೆಳಿಗ್ಗೆ ಪಾಲೆ ಕೆತ್ತೆಯ ಕಷಾಯ ಕುಡಿದು ಮೊದಲ ಬಸ್ಸಿಗೆ ಹೊರಟೆವು. ಆಟಿಯಲ್ಲಿ ಮುಂಗಡ ಕೊಡುವ ಹಾಗಿಲ್ಲ ಅಂತ ಅತ್ತೆಯ ಕಟ್ಟಪ್ಪಣೆ. ಕೊಡುವುದು ಬೇಡ, ನೋಡಬಹುದಲ್ಲ. ಹಂಚಿನ ಮನೆ ನೋಡುವುದಾದರೆ ಆಟಿಯ ಮಳೆಯಲ್ಲೇ ನೋಡಬೇಕು. ಮಾರ್ಚಿನಲ್ಲಿ ಎಲ್ಲ ಮಾಡೂ ಒಳ್ಳೆಯ ಮಾಡೇ.

ಆಚಾರಿಯವರನ್ನು ಕರೆದುಕೊಂಡು ಹೋಗಿದ್ದೆವು. ನಮ್ಮ ಹಳೆ ಮನೆಯ ಮರದ ಕೆಲಸ ಮಾಡಿದವರು. ಅವರು ಒಳಗೆ ಬಂದವರೇ ಮಾತಾಡದೆ ಒಂದು ಮೂಲೆಯಲ್ಲಿ ಕೂತು ಮಳೆ ಜೋರಾಗುವವರೆಗೆ ಕಾದರು. ಆಮೇಲೆ ಟಾರ್ಚು ಹಿಡಿದು ಮುಚ್ಚಿಗೆಯ ಮೇಲೆ ಹತ್ತಿದರು. ನಾನೂ ಏಣಿಯ ಅರ್ಧಕ್ಕೆ ಹತ್ತಿ ನೋಡಿದೆ. ಕಂಬ, ತೊಲೆ ಎಲ್ಲ ಹಲಸು. ಉಳಿಯ ಹಿಡಿಯಿಂದ ಬಡಿದರೆ ಗಟ್ಟಿ ಸದ್ದು. ಪಡುಬದಿಗೆ ಬಂದಾಗ ಪಕ್ಕಾಸಿಗೆ ಉಳಿಯ ಮೊನೆ ಒತ್ತಿದರು. ಬೆರಳಷ್ಟು ಒಳಗೆ ಹೋಯಿತು, ಹೊಟ್ಟು ಉದುರಿತು. ಒರಲೆ. ಅಲ್ಲಿಂದ ಮುಂದೆ ಒಂದೊಂದು ಪಕ್ಕಾಸನ್ನೂ ಒತ್ತಿ, ಹೋದದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಾ ಹೋದರು. ಪಡುಬದಿಯ ಪಕ್ಕಾಸು ಮುಕ್ಕಾಲು ಪಾಲು ಹೋಗಿದೆ. ಮೂಡುಬದಿಯದು ಚೆನ್ನಾಗಿದೆ. ಮಳೆ ಹೊಡೆಯುವುದು ಪಡುವಣದಿಂದ ತಾನೇ.

ಸೋರುವಲ್ಲಿ ಒಂದು ಹಂಚು ಸರಿಸಿ ಕೊಟ್ಟರು. ಹಿಂಬದಿಯಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು, 1865 ಎಂಬ ಅಂಕೆ. ಮನೆಯ ಯಜಮಾನರು ಹಂಚು ಅಷ್ಟು ಹಳೆಯದು ಅಂದುಕೊಂಡಿದ್ದಾರೆ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಆಮೇಲೆ ಮಾಡಿದ ಹಂಚಿಗೂ ಅದೇ ಅಚ್ಚು. ಆದರೂ ಹಂಚು ಹಳೆಯದೇ, ಮತ್ತು ಒಂದೂ ಬಿರಿದಿಲ್ಲ.

"ಗೋಡೆ ಮುರಕಲ್ಲಿಂದು, ಏನೂ ಆಗುದಿಲ್ಲ. ಪಡುಬದಿ ಮಾಡು ಪೂರ್ತಿ ಬಿಚ್ಚಬೇಕು. ಪಕ್ಕಾಸು, ರೀಪು ಹೊಸತು. ಹಂಚು ಇದೇ ಸಾಕು, ಕಡಿಮೆ ಬಿದ್ದರೆ ಕೆಡವಿದ ಮನೆಯದ್ದು ಸಿಗ್ತದೆ" ಅಂದರು ಆಚಾರಿ. ಕೆಡವಿದ ಮನೆಯ ಹಂಚು ಈಗ ಪುತ್ತೂರು ಸುತ್ತಮುತ್ತ ಎಷ್ಟು ಬೇಕಾದರೂ ಸಿಗುತ್ತದೆ. ಕೇಳಿ ಸಂಕಟವಾಯಿತು.

ಆಗಸ್ಟ್ 11, ಸೋಮವಾರ

ಸಂತೆಯ ದಿನ. ಕಿಲ್ಲೆ ಮೈದಾನದಿಂದ ತರಕಾರಿ ಕಟ್ಟಿಕೊಂಡೇ ವಕೀಲರ ಕಚೇರಿಗೆ ಹೋದೆವು. ಮೈದಾನದಿಂದ ಕಚೇರಿಗೆ, ಕಚೇರಿಯಿಂದ ಬಸ್‌ಸ್ಟ್ಯಾಂಡಿಗೆ, ಎಲ್ಲ ನಡೆದೇ. ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು.

ವಕೀಲರು ಮೊದಲು ಕೇಳಿದ್ದು ಜಾಗ ಮೂಲಗೇಣಿಯದೋ ಅಂತ. ನಮ್ಮ ಜಿಲ್ಲೆಯ ಹಳೆ ಪೇಟೆಗಳಲ್ಲಿ ಅದನ್ನು ಕೇಳಲೇಬೇಕು. ನೆಲ ಧಣಿಯದು, ಗೇಣಿದಾರ ತಲೆತಲಾಂತರಕ್ಕೆ ಅನುಭವಿಸಬಹುದು. ಮನೆ ಕಟ್ಟಿದವನೊಬ್ಬ, ನೆಲದ ಹಕ್ಕು ಇನ್ನೊಬ್ಬನದು. ದಕ್ಷಿಣ ಕನ್ನಡ, ಉಡುಪಿಯ ಇಂಥ ಗೇಣಿದಾರರಿಗೆ ಒಡೆತನ ಕೊಡಲೆಂದೇ 2011ರಲ್ಲಿ ಕಾಯ್ದೆ ಮಾಡಬೇಕಾಯಿತು. ಈ ಮನೆಯ ಅಜ್ಜ ಧಣಿಯಿಂದ ನೆಲದ ಹಕ್ಕನ್ನು ಕ್ರಯಕ್ಕೆ ಪಡೆದ ಪತ್ರ ಉಂಟು. ದೊಡ್ಡ ಭಾರ ಇಳಿಯಿತು.

ಇನ್ನು ಋಣಭಾರ ಪತ್ರ. 2004ರ ಏಪ್ರಿಲಿನಿಂದ ಈಚಿನದು ಆನ್‌ಲೈನಿನಲ್ಲಿ ಸಿಕ್ಕಿತು. ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಹಳೆ ಪುಸ್ತಕ ತೆಗೆಸಬೇಕು. ಮಹಡಿಗೆ ಬೇರೆ ಖಾತೆ ಉಂಟು, ಇ-ಖಾತೆ ಇನ್ನೂ ಆಗಿಲ್ಲ. ಅದಿಲ್ಲದೆ ಈಗ ನೋಂದಣಿ ಇಲ್ಲ. ವಿಭಾಗಪತ್ರದಲ್ಲಿ ಯಜಮಾನರ ಇಬ್ಬರು ತಂಗಿಯರ ಸಹಿ ಇಲ್ಲದ್ದನ್ನು ವಕೀಲರು ಬೆರಳಿಟ್ಟು ತೋರಿಸಿದರು. ಕ್ರಯಪತ್ರಕ್ಕೆ ಅವರೂ ಬಂದು ಸಹಿ ಹಾಕಬೇಕು ಅಂತ ನಾನು ಖಡಾಖಂಡಿತ ಹೇಳಿದೆ. ಹೆಣ್ಣುಮಕ್ಕಳ ಪಾಲು ನುಂಗಿದ ಮನೆಯಲ್ಲಿ ನನಗೆ ಇರಲು ಮನಸ್ಸಾಗದು.

ಸಾಲ ಕೇಳಿದ್ದಕ್ಕೆ ಬ್ಯಾಂಕಿನವರು ಕಟ್ಟಡದ ವಯಸ್ಸು ನೋಡಿ ಆಗುವುದಿಲ್ಲ ಅಂದರು. ಹಾಗಾಗಿ ದಾಸ್ತಾನಿಟ್ಟಿದ್ದ ಡಬ್ಬಲ್ ಚೋಲು ಅಡಿಕೆಯನ್ನು ಕ್ಯಾಂಪ್ಕೋಗೆ ಕೊಡುವುದು, ಉಳಿದದ್ದು ನನ್ನ ಪಿಂಚಣಿಯ ಗಂಟು. ಹಳದಿ ರೋಗ ಹಿಡಿದ ತೋಟದಲ್ಲಿ ಇನ್ನು ಇಷ್ಟು ಅಡಿಕೆ ದಾಸ್ತಾನು ಆಗುವುದಿಲ್ಲ.

ಆಗಸ್ಟ್ 30, ಶನಿವಾರ

ಸೋಣ ಸಂಕ್ರಮಣ ಕಳೆದು ಮುಂಗಡ ಕೊಟ್ಟು ಕರಾರು ಆಯಿತು. ನಾಳೆಯಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೆ ಏರುತ್ತದೆ. ನಮಗೆ 28 ಸಾವಿರ ಹೆಚ್ಚು. ನಿನ್ನೆಯೇ ಮುಗಿಸಬಹುದಿತ್ತಲ್ಲ ಅಂತ ಮೈದುನನ ಬೇಸರ. ಇ-ಖಾತೆ ಕೈಗೆ ಬಂದಿಲ್ಲ, ಮುಂಬೈಯ ತಂಗಿ ಬಂದಿಲ್ಲ, ಹೇಗೆ ಮುಗಿಸುವುದು? ಕೋರ್ಟಿಗೆ ಅಲೆಯುವುದಕ್ಕಿಂತ 28 ಸಾವಿರ ಕಡಿಮೆಯೇ. ಮುಂದೆ ಪಿತೃಪಕ್ಷ, ಹಾಗಾಗಿ ಇನ್ನು ನವರಾತ್ರಿಗೇ.

ಕೆಳಗಿನ ಅಂಗಡಿಯವರ ಜೊತೆ ಕೂತು ಷರತ್ತುಗಳನ್ನು ಬರೆಸಿದೆವು. ಮಾಡು ನಮ್ಮದು, ಪಂಚಾಂಗ ಮತ್ತು ಬಾವಿ ಇಬ್ಬರದು, ಮೆಟ್ಟಿಲಿನ ಹಕ್ಕು ನಮಗೆ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಕಟ್ಟಡ ಕೆಡಹುವ ಹಾಗಿಲ್ಲ. ಈ ಕೊನೆಯ ಸಾಲು ಇವರು ಹಟ ಹಿಡಿದು ಸೇರಿಸಿದ್ದು. ಅಂಗಡಿಯ ಸಾಹುಕಾರರು ಸ್ವಲ್ಪ ಯೋಚಿಸಿ ಒಪ್ಪಿದರು.

ಪರ್ಲಡ್ಕದ ಬಾಲವನದಲ್ಲಿ ಕಾರಂತರು ಬಾಳಿದ ಮನೆಯನ್ನು ಜನ ಹೋಗಿ ನೋಡುತ್ತಾರೆ. ದೊಡ್ಡವರ ಮನೆ, ಉಳಿಯಲೇಬೇಕು. ಪೇಟೆಯಲ್ಲಿ ಪಾತ್ರೆ ಮಾರಿದವರ, ಗುಮಾಸ್ತರ, ಮೇಷ್ಟ್ರುಗಳ ಉಪ್ಪರಿಗೆಗಳನ್ನು ಉಳಿಸುವವರು ಯಾರು? ಯಾರಾದರೂ ಬಂದು ಒಲೆ ಹಚ್ಚಿದರೆ ಮಾತ್ರ ಅವು ಉಳಿಯುತ್ತವೆ. ಬೀಗ ಹಾಕಿಟ್ಟ ಹಂಚಿನ ಮನೆ ನಾಲ್ಕು ಮಳೆಗಾಲ ತಾಳುವುದಿಲ್ಲ.

ಸೆಪ್ಟೆಂಬರ್ 26, ಶುಕ್ರವಾರ

ನೋಂದಣಿ ಆಯಿತು. ಮುದ್ರಾಂಕ ಶುಲ್ಕ, ಸೆಸ್ಸು, ಸರ್ಚಾರ್ಜು ಸೇರಿ 1,56,800. ನೋಂದಣಿಗೆ 56,000. ಹೆಬ್ಬೆಟ್ಟು, ಫೋಟೋ, ಸಹಿ. ತಂಗಿಯರಿಬ್ಬರೂ ಬಂದಿದ್ದರು. ದೊಡ್ಡವರು ಸಹಿ ಹಾಕಿ ಪೆನ್ನು ಕೆಳಗಿಟ್ಟು, "ಜಾತ್ರೆಯ ಬೆಡಿಯ ದಿನ ನಾವು ಬಂದರೆ ದಳಿಯ ಹತ್ತಿರ ಜಾಗ ಕೊಡ್ತೀರಲ್ಲ" ಅಂದರು. ಏಪ್ರಿಲ್ 17ಕ್ಕೆ ಊಟಕ್ಕೇ ಬನ್ನಿ ಅಂತ ಇಬ್ಬರನ್ನೂ ಕರೆದಿದ್ದೇನೆ.

ಮೆಟ್ಟಿಲಿನ ಎರಡೂ ಬದಿಗೆ ಕೈಹಿಡಿ ಹಾಕಿಸಬೇಕು, ಇವರ ಕಣ್ಣಿಗೆ ಅದು ಮೊದಲ ಕೆಲಸ. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಆಚಾರಿ ಪಡುಬದಿಯ ಮಾಡು ಬಿಚ್ಚುತ್ತಾರೆ. ಪಕ್ಕಾಸಿನ ಮರಕ್ಕೆ ಐದು ಸಾವಿರ ಮುಂಗಡ ಕೊಟ್ಟಾಯಿತು.