ಚಕ್ರದ ಮೇಲಿನ ಹಡಪ

ಕಲಾಯಿ ಹಾಕುವವನು ಬೀದಿಗೆ ಬಂದನೆಂದರೆ ಹಿಂದಿನ ಕಾಲದ ಮನೆಗಳಲ್ಲಿ ಒಂದು ಸಣ್ಣ ಸಂಭ್ರಮವೇ ಏಳುತ್ತಿದ್ದಿತು. ತಿದಿಯನ್ನು ಹೂಡುವುದಕ್ಕೆ ಅವನಿಗೆ ಒಂದು ಮಾರು ನೆಲ ಸಾಕು. ಅರೆಗಳಿಗೆಯಲ್ಲಿ ಅಂಗಳದ ಮೂಲೆಯೇ ಕಾರ್ಖಾನೆಯಾಗುತ್ತಿದ್ದಿತು. ಸಂಜೆ ಅವನು ಎದ್ದುಹೋದ ಮೇಲೆ ಬೂದಿಯ ಗುರುತೊಂದೇ ಉಳಿಯುತ್ತಿದ್ದಿತು. ಸಾಣೆಯವನು ತನ್ನ ಚಕ್ರವನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದನು. ಪಿಂಜಾರನು ಬಿಲ್ಲಿನ ಹೆದೆಯನ್ನು ಮಿಡಿಯುತ್ತಲೇ ಬರುತ್ತಿದ್ದನು. ಕ್ಷೌರಿಕನ ಹಡಪವು ಕಂಕುಳಲ್ಲಿ ಅಡಗುತ್ತಿದ್ದಿತು. ಬಾಗಿಲಿಗೆ ಬಂದು ದುಡಿಯುವವನ ಜಾಣ್ಮೆ ಅರ್ಧಪಾಲು ಕೈಯಲ್ಲಿದ್ದರೆ ಉಳಿದರ್ಧವು ಅವನು ಹೊತ್ತು ತರುವ ಗಂಟಿನಲ್ಲಿರುವುದು. ಏನನ್ನು ತರಬೇಕು, ಏನನ್ನು ಬಿಟ್ಟುಬರಬೇಕು, ಯಾವುದು ಯಾವ ಕೈಗೆ ಎಟುಕಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದರಲ್ಲಿಯೇ ಆಯುಷ್ಯದ ಒಂದು ಭಾಗ ಕಳೆದುಹೋಗುವುದು.

ಈ ಬಳಗಕ್ಕೆ ಸೇರಬೇಕಾದ ಹೊಸಬನೊಬ್ಬನು ಬೆಂಗಳೂರಿನಲ್ಲಿರುವನು. ಕಾರುಗಳ ಕಿಟಕಿಯ ಗಾಜಿಗೆ ಬಿಸಿಲು ತಡೆಯುವ ಫಿಲ್ಮನ್ನು ಅಂಟಿಸುವುದು ಅವನ ಕಸಬು. ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತು, ಈಗ ಜೆ. ಸಿ. ರಸ್ತೆಯೆಂದೇ ಎಲ್ಲರ ಬಾಯಲ್ಲಿ ಮೊಟಕಾಗಿರುವ ರಸ್ತೆಯಲ್ಲಿ ಕಾರಿನ ಅಲಂಕಾರ ಸಾಮಗ್ರಿಯ ಅಂಗಡಿಗಳು ಸಾಲುಗಟ್ಟಿ ನಿಂತಿರುವುದನ್ನು ನೋಡದವರು ಕಡಮೆ. ಅಲ್ಲಿಯದೊಂದು ಪಕ್ಕದ ಓಣಿಯಲ್ಲಿ ಅವನಿಗೂ ಒಂದೇ ಬಾಗಿಲಿನ ಅಂಗಡಿಯಿದ್ದಿತು. ಆಗ ಗಿರಾಕಿಗಳು ಕೇಳುತ್ತಿದ್ದುದು ಕಪ್ಪು, ಕಪ್ಪಾದಷ್ಟೂ ಕಾಸು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜುಗಳು ನೂರಕ್ಕೆ ೭೦ ಪಾಲು, ಪಕ್ಕದ ಗಾಜುಗಳು ೫೦ ಪಾಲು ಬೆಳಕನ್ನಾದರೂ ಒಳಗೆ ಬಿಡಬೇಕು. ಆ ನಿಯಮವನ್ನು ಅವನು ಕೇಳಿ ತಿಳಿದಿದ್ದನು, ಆಚರಣೆಗೆ ತಂದವನಲ್ಲ. ಬೀದಿಯಲ್ಲಿ ಯಾರೂ ತಂದಿರಲಿಲ್ಲವೆಂಬುದು ಸಮಾಧಾನವೇ ಹೊರತು ಸಮರ್ಥನೆಯಲ್ಲ.

೨೦೧೨ನೆಯ ಏಪ್ರಿಲ್ ೨೭ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಕಾರಿನ ಗಾಜಿಗೆ ಯಾವ ಬಗೆಯ ಫಿಲ್ಮನ್ನೂ ಅಂಟಿಸಕೂಡದೆಂದಿತು. ಮೇ ೪ರಿಂದ ಅದು ಜಾರಿಗೆ ಬಂದಿತು. ಆ ತಿಂಗಳು ಅವನ ಅಂಗಡಿಯ ಮುಂದೆ ಹಿಂದೆಂದೂ ಕಾಣದ ಸಾಲು ನಿಂತಿತು. ಅಂಟಿಸಿದವನೇ ಕೀಳಬೇಕಾಯಿತು. ತನ್ನ ಕೈಕೆಲಸವನ್ನು ತಾನೇ ಉಗುರಿನಿಂದ ಎಬ್ಬಿಸಿ ಸುಲಿಯುವುದಕ್ಕೆ ಕೂಲಿ ದೊರೆಯುವ ವಿಚಿತ್ರವು ಎಲ್ಲ ಕಸಬುದಾರರಿಗೂ ಒದಗುವುದಿಲ್ಲ. ಸುಲಿಯುವುದು ಮುಗಿದ ಮೇಲೆ ಸಾಲೂ ಕರಗಿತು. ವರ್ಷ ತುಂಬುವುದರೊಳಗಾಗಿ ಅಂಗಡಿಯ ಬಾಗಿಲೂ ಮುಚ್ಚಿತು.

ಕೆಲವು ಕಾಲ ಅವನು ಕಚೇರಿಗಳ, ಮನೆಗಳ ಕಿಟಕಿಗಳಿಗೆ ಫಿಲ್ಮು ಹಾಕಿ ಸಂಸಾರ ಸಾಗಿಸಿದನು. ಕಟ್ಟಡದ ಗಾಜಿಗೆ ಆ ತೀರ್ಪು ಅನ್ವಯಿಸದು. ಏಣಿ, ಬಕೆಟ್ಟು, ಭುಜಕ್ಕೊಂದು ಚೀಲ, ಇಷ್ಟರಿಂದ ಕೆಲಸ ಸಾಗುತ್ತಿದ್ದಿತು. ಮುಂದೆ ನಿಯಮಕ್ಕೆ ತಿದ್ದುಪಡಿಯಾಗಿ, ೨೦೨೧ನೆಯ ಏಪ್ರಿಲಿನಿಂದ ಗಾಜಿನೊಡನೆ ಪ್ಲಾಸ್ಟಿಕ್ ಪೊರೆಯಿರುವ ‘ಸೇಫ್ಟಿ ಗ್ಲೇಜಿಂಗ್’ ಎಂಬುದಕ್ಕೂ ಎಡೆ ದೊರೆಯಿತು. ಬೆಳಕಿನ ಪ್ರಮಾಣ ಮಾತ್ರ ಮೊದಲಿನದೇ. ೨೦೨೪ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು, ಆ ಪ್ರಮಾಣಕ್ಕೊಳಪಟ್ಟ ಫಿಲ್ಮಿಗಾಗಿ ದಂಡ ಹಾಕಕೂಡದೆಂದು ಹೇಳಿತು. ನೆರೆಯ ರಾಜ್ಯದ ತೀರ್ಪನ್ನು ಓದಿ ಬೆಂಗಳೂರಿನ ಗಿರಾಕಿಗಳು ಮತ್ತೆ ವಿಚಾರಿಸತೊಡಗಿದರು. ಅವನಿಗೆ ಅಂಗಡಿಯಿರಲಿಲ್ಲ, ಬಾಡಿಗೆಯೂ ಮುಂಗಡವೂ ಅವನ ಕೈಮೀರಿ ಹೋಗಿದ್ದವು. ಉಳಿದದ್ದೊಂದೇ ದಾರಿ: ಅಂಗಡಿಗೆ ಚಕ್ರ ಕಟ್ಟುವುದು.

ಕೆಲಸದ ಬಗೆಯನ್ನು ಅರಿಯದಿದ್ದರೆ ಇದರ ಕಷ್ಟ ತಿಳಿಯದು. ಈ ಫಿಲ್ಮು ಪಾಲಿಯೆಸ್ಟರಿನ ತೆಳುಪೊರೆ. ದಪ್ಪ ೪೦-೫೦ ಮೈಕ್ರಾನು, ಎಂದರೆ ಹೆಚ್ಚುಕಡಮೆ ಒಂದು ಕೂದಲೆಳೆಯಷ್ಟು. ಒಂದು ಮೈಗೆ ಅಂಟು. ಅಂಟಿನ ಮೇಲೆ ಸುಲಿದು ಎಸೆಯಬೇಕಾದ ಇನ್ನೊಂದು ಪೊರೆ. ಮೊದಲು ಕಿಟಕಿಯ ಹೊರಮೈಗೆ ಹಾಳೆಯನ್ನು ಹಿಡಿದು ಆಕಾರಕ್ಕೆ ಕತ್ತರಿಸುವನು. ಆಮೇಲೆ ಅದನ್ನು ನಿಲ್ಲಿಸಿದ ಹಲಗೆಯೊಂದಕ್ಕೆ ನೀರಿನಿಂದ ಅಂಟಿಸಿ, ಹೊರಪೊರೆಯನ್ನು ಸುಲಿದು, ಸಾಬೂನುನೀರು ಚಿಮುಕಿಸಿ, ಒದ್ದೆಯಾಗಿಯೇ ಕಾರಿನೊಳಕ್ಕೆ ಒಯ್ದು ಗಾಜಿನ ಒಳಮೈಗೆ ಕೂರಿಸುವನು. ರಬ್ಬರಿನ ಅಂಚಿನ ಒತ್ತುಹಲಗೆಯಿಂದ ನೀರನ್ನು ಹೊರದೂಡಿದರೆ ಅಂಟು ಗಾಜನ್ನು ಹಿಡಿಯುವುದು. ಸುಲಿದ ಗಳಿಗೆಯಿಂದ ಕೂರಿಸುವವರೆಗೆ ಅಂಟು ಬಯಲಿನಲ್ಲಿರುವುದು. ಆ ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ತೇಲುವ ಒಂದು ಧೂಳಿನ ಕಣ ಬಂದು ಕುಳಿತರೂ ಅದು ಫಿಲ್ಮು ಇರುವವರೆಗೂ ಅಲ್ಲಿಯೇ ಉಬ್ಬಿ ನಿಲ್ಲುವುದು. ಅಂಗಡಿಯಿದ್ದಾಗ ಬಾಗಿಲು ಹಾಕಿ, ನೆಲಕ್ಕೆ ನೀರು ಚೆಲ್ಲಿ, ಧೂಳನ್ನು ಅಡಗಿಸುತ್ತಿದ್ದನು. ಬಾಗಿಲೇ ಇಲ್ಲದವನು ಏನು ಮಾಡಬೇಕು?

ಪರದೇಶಗಳಿಂದ ಬರುವ ಸಿದ್ಧಗಾಡಿಗಳ ಬೆಲೆಯನ್ನು ಕೇಳಿ ಅವನು ನಕ್ಕು ಸುಮ್ಮನಾದನು. ಮೊದಲನೆಯ ಗಾಡಿಯನ್ನು ನೀರಿನ ಪಿ.ವಿ.ಸಿ. ಕೊಳವೆಗಳಿಂದಲೇ ಕಟ್ಟಿದನು. ಹಗುರ, ಅಗ್ಗ, ಗರಗಸವೊಂದಿದ್ದರೆ ಸಾಕು. ಕೆಳಗೆ ನಾಲ್ಕು ಸಣ್ಣ ಗಾಲಿಗಳು. ಮೇಲೆ ಅಡ್ಡಕೊಳವೆಗೆ ಫಿಲ್ಮಿನ ಸುರುಳಿ. ಹಿಂದೆ ನಿಲುವುಗನ್ನಡಿಯಷ್ಟು ದೊಡ್ಡ ಗಾಜಿನ ಹಲಗೆ. ಮನೆಯ ಪಡಸಾಲೆಯಲ್ಲಿ ಅದು ಅತಿ ಸುಂದರವಾಗಿ ಓಡಾಡಿತು. ಮೂರನೆಯ ದಿನ ಗಿರಾಕಿಯೊಬ್ಬರ ಮನೆಯ ಮುಂದೆ, ಹುರುಳಿಕಾಳಿನಷ್ಟು ಜಲ್ಲಿಗೆ ಮುಂದಿನ ಗಾಲಿ ಸಿಕ್ಕಿಕೊಂಡಿತು. ಅದೇ ಹೊತ್ತಿಗೆ ಗಾಳಿಯೂ ಬೀಸಿತು. ಹಲಗೆಯು ಹಾಯಿಯಂತೆ ಗಾಳಿಯನ್ನು ತುಂಬಿಕೊಂಡು ಗಾಡಿಯನ್ನೇ ಮಗುಚಿಹಾಕಿತು. ಗಾಜು ಚೂರಾಯಿತು. ಸಾಲ ತಂದ ಸುರುಳಿಯ ಮೇಲೆ ಆ ಚೂರುಗಳು ಗೀರೆಳೆದು, ಹೊರಗಿನ ಹಲವು ಸುತ್ತುಗಳು ಹಾಳಾದವು. ಗಿರಾಕಿ ಒಳ್ಳೆಯವರು, ಕಾಫಿ ಕೊಟ್ಟರು. ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಕೊಟ್ಟರು.

ಎರಡನೆಯ ಗಾಡಿಗೆ ಎರಡು ತಿಂಗಳು ಹಿಡಿಯಿತು. ಗುಜರಿಯಲ್ಲಿ ಆಸ್ಪತ್ರೆಯದೊಂದು ಹಳೆಯ ಕಬ್ಬಿಣದ ತಳ್ಳುಗಾಡಿ ದೊರೆಯಿತು, ಅದೇ ಅಸ್ಥಿಪಂಜರ. ಎಸ್. ಪಿ. ರಸ್ತೆಯಿಂದ ಐದಂಗುಲದ ರಬ್ಬರು ಗಾಲಿಗಳನ್ನು ತಂದನು, ಅವುಗಳಲ್ಲಿ ಎರಡಕ್ಕೆ ಬಿರಿ. ಭಾರವೆಲ್ಲ ಕೆಳಗಿರಬೇಕೆಂಬ ಪಾಠವನ್ನು ಮುರಿದ ಗಾಜೇ ಕಲಿಸಿದ್ದಿತು. ಆದುದರಿಂದ ನೀರಿನ ಪಾತ್ರೆಯು ತಳದ ಅಂತಸ್ತಿಗೆ ಇಳಿಯಿತು. ಗಾಜಿನ ಹಲಗೆಯ ಬದಲು ಅಕ್ರಿಲಿಕ್ ಹಲಗೆ ಬಂದಿತು. ಅದು ಹಗುರ, ಒಡೆಯದು. ಆದರೆ ಒಣಬಟ್ಟೆಯಿಂದ ಒರೆಸಿದರೆ ವಿದ್ಯುತ್ತು ಸೇರಿ ಊರಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುವುದು. ಅದನ್ನು ಎಂದೂ ಒಣಗಗೊಡದೆ ಒದ್ದೆಯಾಗಿಡಬೇಕೆಂದು ತಿಳಿಯುವುದಕ್ಕೆ ಎರಡು ಕಿಟಕಿಗಳು ಬಲಿಯಾದವು. ಕೆಲಸವಾದ ಮೇಲೆ ಹಲಗೆ ಬಿಜಾಗರಿಯ ಮೇಲೆ ಮಡಿಚಿ ಮಲಗುವುದು. ಹಾಗಲ್ಲದೆ ಗಾಡಿಯು ಅವನ ಹಳೆಯ ಮಾರುತಿ ಓಮ್ನಿಯ ಹಿಂಬಾಗಿಲನ್ನು ಹೊಗುವಂತಿರಲಿಲ್ಲ.

ನೀರು ಚಿಮುಕಿಸುವ ಯಂತ್ರವು ಅಡಕೆಯ ತೋಟದಿಂದ ಬಂದದ್ದು ಎನ್ನಬಹುದು: ಮೈಲುತುತ್ತು ಸಿಂಪಡಿಸುವುದಕ್ಕೆ ರೈತರು ಕೊಳ್ಳುವ, ಕೈಯಿಂದ ಗಾಳಿ ತುಂಬುವ ಡಬ್ಬವೇ ಅದು. ಹೊಸದನ್ನೇ ಕೊಂಡನು, ಹಳೆಯದರಲ್ಲಿ ಔಷಧಿಯ ಹರಳು ಉಳಿದಿರುವುದು. ಅದರೊಳಗಣ ಸಾಬೂನುನೀರು ಎಂದರೆ ನೀರಿಗೆ ಕೆಲವು ಹನಿ ಎಳೆಮಕ್ಕಳ ಶಾಂಪೂ, ಅಷ್ಟೆ. ಹೆಚ್ಚಾದರೆ ಫಿಲ್ಮು ಜಾರುತ್ತಲೇ ಇರುವುದು, ಅಂಟದು. ಕಡಮೆಯಾದರೆ ಕೂರಿಸುವ ಮೊದಲೇ ಕಚ್ಚಿಕೊಳ್ಳುವುದು. ಬೆಂಗಳೂರಿನ ಕೊಳವೆಬಾವಿಯ ಗಡಸುನೀರು ಇದಕ್ಕೆ ಸಲ್ಲದು. ಆರಿದ ಮೇಲೆ ಅದರ ಸುಣ್ಣದ ಚುಕ್ಕೆಗಳು ಫಿಲ್ಮಿನ ಕೆಳಗೆ ಉಳಿದುಬಿಡುವುವು. ಗಿರಾಕಿಗಳು “ನೀರು ನಮ್ಮಲ್ಲಿಯೇ ಇದೆಯಲ್ಲ” ಎಂದು ಉದಾರವಾಗಿ ನಲ್ಲಿಯನ್ನು ತೋರಿಸುವರು. ಅವನು ತನ್ನ ನೀರನ್ನು ತಾನೇ ತರುವನು. ಜಾತಿಕಟ್ಟಿನ ಕಾಲದ ಮಡಿವಂತನೇನೋ ಎಂಬ ನೋಟವನ್ನು ಸಹಿಸುವನು.

ಹಿಂದಿನ ಗಾಜಿನ ಬಾಗಿಗೆ ಫಿಲ್ಮನ್ನು ಕುಗ್ಗಿಸಿ ಒಗ್ಗಿಸಲು ಬಿಸಿಗಾಳಿಯ ಉಪಕರಣ ಬೇಕು. ಅವನ ಹಳೆಯ ಉಪಕರಣವು ೧೮೦೦ ವ್ಯಾಟಿನದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ೬ ಆಂಪಿಯರ್ ಗೂಡಿಗೆ ಅದನ್ನು ಚುಚ್ಚಿದರೆ ಸುಮಾರು ೮ ಆಂಪಿಯರ್ ಎಳೆಯುವುದು. ಒಂದು ಸಲ ನೆಲಮಾಳಿಗೆಯೆಲ್ಲ ಕತ್ತಲೆಯಾಗಿ, ಕಾವಲುಗಾರನೂ ಲಿಫ್ಟಿಗಾಗಿ ನಿಂತಿದ್ದವರೂ ಏಕಕಂಠದಿಂದ ಅವನನ್ನು ಹರಸಿದರು. ಈಗ ಗಾಡಿಯಲ್ಲಿರುವುದು ೧೨೦೦ ವ್ಯಾಟಿನದು. ನಿಧಾನ, ಆದರೆ ನಿರುಪದ್ರವಿ.

ಗಾಡಿಯ ಎಡಮಗ್ಗುಲಿನಲ್ಲಿ ಅವನು ಒಂದು ರಟ್ಟನ್ನು ಕಟ್ಟಿರುವನು. ಅದರ ಮೇಲಿರುವುದು ಗುಣಾಕಾರದ ಲೆಕ್ಕ. ಕಾರ್ಖಾನೆಯಿಂದ ಬಂದ ಗಾಜು ಬರಿದಾಗಿದ್ದಾಗಲೇ ನೂರಕ್ಕೆ ೭೫ ಪಾಲು ಬೆಳಕು ಬಿಡುವುದೆಂದು ಇಟ್ಟುಕೊಂಡರೆ, ೭೦ ಪಾಲು ಬಿಡುವ ಫಿಲ್ಮು ಸೇರಿದಾಗ ಒಳಬರುವುದು ೫೨.೫ ಪಾಲು, ಪಕ್ಕದ ಕಿಟಕಿಗೆ ಅದು ಸಲ್ಲುವುದು. ಗಿರಾಕಿಗಳು ಕೇಳುವ ೫೦ರ ಫಿಲ್ಮು ಸೇರಿದರೆ ಉಳಿಯುವುದು ೩೭.೫, ಅದು ಸಲ್ಲದು. ಮುಂದಿನ ಗಾಜಿಗಂತೂ ೯೦ರ ಫಿಲ್ಮು ಹಾಕಿದರೂ ೬೭.೫ಕ್ಕೆ ಇಳಿದು ನಿಯಮವನ್ನು ಮೀರುವುದು. ಸೂರ್ಯನ ಶಕ್ತಿಯಲ್ಲಿ ಸುಮಾರು ಅರ್ಧವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದು. ಅದನ್ನು ತಡೆಯುವ ತಿಳಿಬಣ್ಣದ ಫಿಲ್ಮುಗಳಿವೆ, ಸೆಕೆಗೆ ಕಪ್ಪೇ ಬೇಕೆಂದಿಲ್ಲ ಎಂದು ಅವನು ಬಿಡಿಸಿ ಹೇಳುವನು. ಕೆಲವರು ಕೇಳುವರು. ಕೆಲವರಿಗೆ ಬೇಕಾದುದು ತಂಪಲ್ಲ, ಮರೆ. ಎರಡರಷ್ಟು ಕೂಲಿ ಕೊಡುವೆನೆಂದು ಕಪ್ಪು ಕೇಳಿದವರು ಒಬ್ಬಿಬ್ಬರಲ್ಲ. ಮಗಳ ಕಾಲೇಜಿನ ಶುಲ್ಕದ ಕಂತು ಎದುರಿಗಿದ್ದ ಒಂದು ವಾರ ಅಂಥದೊಂದು ಕರೆ ಬಂದಿತು. ಅವನು ಓಮ್ನಿಗೆ ಗಾಡಿಯನ್ನು ಏರಿಸಿ, ಬಾಗಿಲು ಹಾಕಿ, ಸ್ವಲ್ಪ ಹೊತ್ತು ಅಲ್ಲಿಯೇ ನಿಂತು, ಗಾಡಿಯನ್ನು ಮತ್ತೆ ಕೆಳಗಿಳಿಸಿದನು. ತನ್ನ ಕೈಯಿಂದ ಸುಲಿದ ಆ ಮೇ ತಿಂಗಳು ಅವನಿಗೆ ಮರೆತಿರಲಿಲ್ಲ. ಕಂತನ್ನು ಕಟ್ಟಲು ಬಡ್ಡಿಯ ಸಾಲ ಮಾಡಬೇಕಾಯಿತು. ಅದು ಇನ್ನೂ ತೀರಿಲ್ಲ.

ಒಂದು ಸಂಜೆ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ನಾಲ್ಕು ಕಿಟಕಿಗಳೂ ಮುಗಿದವು. ಗಾಳಿಯಿಲ್ಲದ ಜಾಗ, ನೆಲಕ್ಕೆ ನೀರು ಚಿಮುಕಿಸಿದ್ದನು, ಬಾಗಿಲಿನ ಗುಂಡಿಗಳಿಗೆ ನೀರಿಳಿಯದಂತೆ ಕಿಟಕಿಯ ಬುಡಕ್ಕೆಲ್ಲ ಟವೆಲು ಒತ್ತಿದ್ದನು. ಕಾರಿನ ಯಜಮಾನರು ಸುತ್ತ ಬಂದು ನೋಡಿ, ತೃಪ್ತರಾಗಿ ಹಣವನ್ನು ಚಾಚಿದರು. ಅವನು ಕೈ ಚಾಚಲಿಲ್ಲ. ಹಿಂದಿನ ಎಡಕಿಟಕಿಯ ಕೆಳಮೂಲೆಯಲ್ಲಿ ರೆಪ್ಪೆಗೂದಲಿನಷ್ಟು ಒಂದು ಎಳೆ ಅವನ ಕಣ್ಣಿಗೆ ಬಿದ್ದಿದ್ದಿತು. “ಎಲ್ಲಿದೆ? ನನಗೆ ಕಾಣುವುದಿಲ್ಲವಲ್ಲ” ಎಂದರು ಅವರು. ಕಾಣುವಂತಿರಲಿಲ್ಲ, ನಿಜ. ಅವನು ಆ ಫಿಲ್ಮನ್ನು ಕಿತ್ತು, ಸುರುಳಿಯಿಂದ ಇನ್ನೊಂದು ಮೊಳವನ್ನು ಕತ್ತರಿಸಿ, ಮೊದಲಿನಿಂದ ಕೆಲಸ ಹಿಡಿದನು. ಕಾವಲುಗಾರನು ಎರಡು ಸಲ ದೀಪ ಆರಿಸುವ ಬೆದರಿಕೆ ಹಾಕಿದನು.

ಕಿತ್ತ ಫಿಲ್ಮನ್ನು ಮನೆಗೆ ತಂದು ದೀಪಕ್ಕೆ ಹಿಡಿದು ನೋಡಿದನು. ಎಳೆಯು ಬಿಳಿದು, ಹತ್ತಿಯದು. ಧೂಳಿನದೂ ಗಾಳಿಯದೂ ತಪ್ಪಲ್ಲ. ತಾನೇ ಹೊಸದಾಗಿ ಕೊಂಡು ಹಲಗೆಯ ನೆತ್ತಿಯ ಮೇಲಣ ಸರಳಿಗೆ ತೂಗಹಾಕಿದ್ದ ಟವೆಲಿನ ಜುಂಗು. ಊಟವಾದ ಮೇಲೆ ಸರಳನ್ನು ಬಿಚ್ಚಿ, ತಳದ ಅಂತಸ್ತಿನ ಹಿಂಬದಿಗೆ, ನೀರಿನ ಡಬ್ಬದ ಪಕ್ಕಕ್ಕೆ, ಎರಡು ಹೊಸ ರಂಧ್ರಗಳನ್ನು ಕೊರೆದು ಕೂರಿಸಿದನು. ಮೇಲಿನ ಹಳೆಯ ರಂಧ್ರಗಳನ್ನು ಮುಚ್ಚಲಿಲ್ಲ. ಒಂದಕ್ಕೆ ತಂತಿಯ ಕೊಕ್ಕೆ ಸಿಕ್ಕಿಸಿ, ಮುರಿದ ಅಲಗಿನ ಚೂರುಗಳನ್ನು ಹಾಕುವ ಮುಚ್ಚಳದ ಡಬ್ಬಿಯನ್ನು ತೂಗಹಾಕಿದನು.